ಉಬ್ಬಿನ ಕೆಳಗಿನ ರೇಡಿಯೊ

ಜನವರಿ ೧೭, ಶುಕ್ರವಾರ

ನನ್ನ ಜೊತೆಗಾತಿ ಬುರ್ಗಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಇನ್ಸ್‌ಬ್ರುಕ್‌ನ ಆಸ್ಪತ್ರೆಯಲ್ಲಿ ಮುಗಿಯಿತಂತೆ. ಈ ಚಳಿಗಾಲ ಅವಳಿಗೆ ಸ್ಕೀ ಇಲ್ಲ.

ಇವತ್ತಿನ ಅಭ್ಯಾಸದಲ್ಲಿ ನಮ್ಮ ತಂಡದಿಂದ ಹಿಮದ ಇಳಿಜಾರು ಮೊದಲು ಇಳಿದವಳು ನಾನು. ಮೊದಲು ಇಳಿದವಳೇ ಕೆಳಗಿನಿಂದ ರೇಡಿಯೊದಲ್ಲಿ ಮೇಲಿನವರಿಗೆ ದಾರಿ ಹೇಗಿದೆ ಎಂದು ಹೇಳಬೇಕು. "ಕಾಡಿನ ಪಕ್ಕದ ಉಬ್ಬು ತುಂಬಾ ದೂರ ಎಸೆಯುತ್ತೆ, ಹುಷಾರು" ಅಂದೆ. ಇದ್ದದ್ದನ್ನೇ ಹೇಳಿದ್ದು. ನನ್ನ ಹಿಂದೆ ಬಂದ ಬುರ್ಗಿ ಹುಷಾರಾದಳು. ಉಬ್ಬಿನ ಅಂಚಿನಲ್ಲಿ ವೇಗ ತಗ್ಗಿಸಲು ಮೈ ನೆಟ್ಟಗೆ ಮಾಡಿದಳು. ಗಾಳಿ ಎದೆಗೆ ಹೊಡೆದು ಅವಳನ್ನು ಹಿಂದಕ್ಕೆ ಮಗುಚಿತು.

"ನಿನ್ನ ತಪ್ಪೇನಿಲ್ಲ ಕಣೇ," ಅಂದರು ನಮ್ಮ ತರಬೇತುದಾರ ವೆಂಡೆಲಿನ್. "ಆದ್ರೆ ನಾಳೆ ದನಿ ನಡುಗಬಾರದು."

ನನ್ನ ದನಿ ನಡುಗಿತ್ತು ಎಂದು ಗೊತ್ತಾದದ್ದೇ ಆಗ.

ನಾಳೆ ಸ್ಪರ್ಧೆ. ಮತ್ತೆ ನಾನೇ ಮೊದಲು, ನನ್ನ ಹಿಂದೆ ಬುರ್ಗಿಯ ತಂಗಿ ಝೆಂಟ್ಸಿ. ಊಟದ ಹೊತ್ತಿಗೆ ಅವಳು ಸೂಪು ಮುಟ್ಟಲಿಲ್ಲ.

"ನೀನು ಹೆಂಗೆ ಹೇಳ್ತೀಯೋ ಹಂಗೇ ಇಳೀತೀನಿ," ಅಂದಳು.

ತಲೆಯಾಡಿಸಿದೆ.

ಎಂದಿನಂತೆ ಕಣ್ಣು ಮುಚ್ಚಿ, ಅಂಗೈಗಳನ್ನೇ ಸ್ಕೀ ಮಾಡಿಕೊಂಡು, ಹಾಸಿಗೆಯಲ್ಲಿ ಕೂತೇ ಇಡೀ ದಾರಿ ಇಳಿದು ನೋಡಿದೆ. ಉಬ್ಬು ದಾಟಿಬಿಡುತ್ತೇನೆ. ಕೆಳಗೆ ನಿಂತು ರೇಡಿಯೊ ಎತ್ತಿಕೊಳ್ಳುತ್ತೇನೆ. ಮೇಲಿನಿಂದ ಝೆಂಟ್ಸಿ "ಹೇಳು" ಅನ್ನುತ್ತಾಳೆ.

ಅಲ್ಲಿಗೆ ಬಾಯಿ ಕಟ್ಟಿಹೋಗುತ್ತದೆ. ಮತ್ತೆ ಮೇಲಿನಿಂದ ಶುರು ಮಾಡುತ್ತೇನೆ.