ಹನ್ನೆರಡನೆಯ ದಿನ ಬಂದವರ ತಪ್ಪು

ಮಾನ್ಯ ಆರೋಗ್ಯಾಧಿಕಾರಿಗಳೇ,

"ನಿಗದಿತ ಅವಧಿಯಲ್ಲಿ ಚುಚ್ಚುಮದ್ದು ಪಡೆಯದಿರುವುದು ಬಾಣಂತಿಯ ಕುಟುಂಬದ ನಿರ್ಲಕ್ಷ್ಯ" ಎಂದು ನನ್ನ ಅರ್ಜಿಗೆ ಉತ್ತರಿಸಿದ್ದೀರಿ. ಆ ಅವಧಿ ಎಷ್ಟೆಂದು ನಮಗೆ ಹೇಳಿದವರು ಯಾರು? ನಿಮ್ಮ ಪತ್ರದಲ್ಲಿ ಇಲ್ಲದ್ದನ್ನು ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ.

ನನ್ನ ಅಕ್ಕ ಗಾನಶ್ರೀಯದು ನೆಗೆಟಿವ್ ರಕ್ತ, ಭಾವನದು ಪಾಸಿಟಿವ್. ಎರಡು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ಸಂಸೆಯ ತವರಿಗೆ ಬಂದಳು. ಖಾಸಗಿ ಆಸ್ಪತ್ರೆಯೇ ಆಗಬೇಕೆಂದ ಅಮ್ಮನೊಡನೆ ಜಗಳವಾಡಿ ಸರ್ಕಾರಿ ಆಸ್ಪತ್ರೆಗೆ ಸೇರಿಸಿದವನು ನಾನು. ನಿಮ್ಮ ಇಲಾಖೆಯ ಕರಪತ್ರಗಳನ್ನು ಓದಿ, ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ಹಂಚಿ ಬಂದವನಿಗೆ ಅಷ್ಟು ನಂಬಿಕೆ. ಮಗುವಿನ ರಕ್ತ ಪಾಸಿಟಿವ್ ಎಂದಾಯಿತು. ಎರಡನೆಯ ದಿನ ಮನೆಗೆ ಕಳಿಸುವಾಗ ನರ್ಸ್ ಹೇಳಿದ್ದು ಇಷ್ಟೇ: "ಒಂದು ಇಂಜೆಕ್ಷನ್ ಬಾಕಿ ಉಂಟು. ಸ್ಟಾಕ್ ಇಲ್ಲ, ಆಮೇಲೆ ಬಂದು ಹಾಕಿಸ್ಕೊಳ್ಳಿ." ಚೀಟಿಯಲ್ಲಿ ಬರೆದದ್ದೂ ಅಷ್ಟೇ.

ನಮ್ಮಲ್ಲಿ ಪುರುಡು ಹತ್ತು ದಿನ. ಹನ್ನೊಂದರ ಶುದ್ಧಿ ಮುಗಿಯದೆ ಬಾಣಂತಿ ಹೊಸಿಲು ದಾಟುವುದಿಲ್ಲ. "ಪುರುಡು ಕಳೀಲಿ ಮಾರಾಯ. ಇಂಜೆಕ್ಷನ್ ಏನು ಓಡಿ ಹೋಗ್ತದಾ?" ಎಂದಳು ಅಮ್ಮ. ಇಂಥದ್ದಕ್ಕೆಲ್ಲ ಮೂಗು ಮುರಿಯುವ ನಾನೂ ಸುಮ್ಮನಿದ್ದೆ. ಇದಕ್ಕೊಂದು ಗಡುವಿದೆ ಎಂದು ಆಸ್ಪತ್ರೆಯವರು ಹೇಳಿದ್ದರೆ ಪುರುಡನ್ನು ಬದಿಗಿಟ್ಟು ಅಂದೇ ಮಂಗಳೂರಿಗೆ ಓಡುತ್ತಿದ್ದೆವು.

ಹನ್ನೆರಡನೆಯ ದಿನ ಜೀಪು ಹತ್ತಿ ಹೋದರೆ ಅದೇ ನರ್ಸ್, "ಈಗ ಬಂದ್ರಾ? ಮೂರು ದಿನದೊಳಗೆ ಹಾಕ್ಬೇಕಿತ್ತು" ಎಂದರು.

"ನೀವು ಹಾಗೆ ಹೇಳ್ಲೇ ಇಲ್ವಲ್ಲ ಸಿಸ್ಟರ್," ಎಂದಳು ಅಕ್ಕ.

"ದಿನಕ್ಕೆ ಎಷ್ಟು ಜನಕ್ಕೆ ಅಂತ ಹೇಳೋದು?"

ಹೆರಿಗೆಯಲ್ಲಿ ಮಗುವಿನ ಪಾಸಿಟಿವ್ ರಕ್ತ ತಾಯಿಯ ರಕ್ತಕ್ಕೆ ಸೇರಿದರೆ ಆಕೆಯ ದೇಹ ಅದನ್ನು ವೈರಿಯೆಂದು ಗುರುತಿಟ್ಟುಕೊಳ್ಳಬಹುದು. ಮುಂದಿನ ಕೂಸೂ ಪಾಸಿಟಿವ್ ಆದರೆ ಅದರ ರಕ್ತದ ಮೇಲೆ ಎರಗುತ್ತದೆ. ಆ ಗುರುತು ಬೀಳದಂತೆ ತಡೆಯುವುದೇ ಆ ಚುಚ್ಚುಮದ್ದಿನ ಕೆಲಸ. ಇದನ್ನು ನಾನೇ ಹುಡುಕಿ ಓದಬೇಕಾಯಿತು. ಕೈ ತೊಳೆಯುವುದು ಹೇಗೆಂದು ಬಣ್ಣಬಣ್ಣದ ಕರಪತ್ರ ಹೊರಡಿಸುವ ನಿಮಗೆ ಈ ನಾಲ್ಕು ಸಾಲಿಗೆ ಕಾಗದ ಸಾಲಲಿಲ್ಲವೇ?

ಅಕ್ಕ ಮತ್ತೆ ಬಸುರಿ, ಈಗ ಐದು ತಿಂಗಳು. ಆ ಗುರುತು ಬಿದ್ದಾಗಿದೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿಯಿತು. ಇನ್ನು ಆ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ. ಕೂಸಿಗೆ ರಕ್ತಹೀನತೆ ಆಗುತ್ತಿದೆಯೇ ಎಂದು ನೋಡಲು ಎರಡು ವಾರಕ್ಕೊಮ್ಮೆ ಘಟ್ಟ ಇಳಿದು ಸ್ಕ್ಯಾನ್ ಮಾಡಿಸುತ್ತೇವೆ. ಕಳೆದ ಸಲ ಬಸ್ಸಿನಲ್ಲಿ ಅವಳು ಕೇಳಿದಳು: "ನನ್ನ ರಕ್ತವೇ ಇದನ್ನ ತಿನ್ತಾ ಉಂಟಾ, ವಿಘ್ನು?" ನಿಮ್ಮ ಪತ್ರವನ್ನು ಅವಳಿಗೆ ತೋರಿಸಿಲ್ಲ.

ಚುಚ್ಚುಮದ್ದು ಹೆರಿಗೆ ಕೋಣೆಯಲ್ಲೇ ಇರಲಿ. "ಮೂರು ದಿನದೊಳಗೆ" ಎಂಬುದು ಬಿಡುಗಡೆ ಚೀಟಿಯ ಮೇಲೆ ಕನ್ನಡದಲ್ಲಿ ಅಚ್ಚಾಗಲಿ. ಮತ್ತು ಆ "ನಿರ್ಲಕ್ಷ್ಯ"ವನ್ನು ಹಿಂತೆಗೆದುಕೊಂಡು ಇನ್ನೊಂದು ಪತ್ರ ಬರೆಯಿರಿ, ನನಗಲ್ಲ, ಅಕ್ಕನಿಗೆ. ತಪ್ಪು ಅವಳ ರಕ್ತದ್ದಲ್ಲ ಎಂದು ಅದರಲ್ಲಿರಲಿ. ಹೆರಿಗೆಗೆ ಮೊದಲು ತಲುಪಲಿ. ತಡವಾದರೆ ಏನಾಗುತ್ತದೆಂದು ನಮಗೆ ಗೊತ್ತು.

ಇಂತಿ,
ನಿಮ್ಮ ಕರಪತ್ರಗಳ ಉಳಿದ ಕಟ್ಟನ್ನು ಹಂಚಲೂ ಆಗದ, ಒಲೆಗೆ ಹಾಕಲೂ ಮನಸ್ಸು ಬಾರದ
ವಿಘ್ನೇಶ, ಸಂಸೆ