ಮೂವತ್ತೆರಡನೇ ಪುಟದ ಸುಣ್ಣ

ಸಾನ್ ಫೆರ್ಮೀನ್
6 ನವೆಂಬರ್ 1984

ಎವಾರಿಸ್ತೊಗೆ,

ಪ್ರಿಯ ಅಂತ ಬರೆಯೋಕೆ ಕೈ ಬರಲಿಲ್ಲ. ನೀನು ಕ್ಷೇಮ ಅಂತ ಗೊತ್ತು, ಕ್ಲಬ್ಬಿನ ಅಧ್ಯಕ್ಷರಿಗೆ ಏನು ಕಡಿಮೆ.

ನಮ್ಮ ಒರ್ನೋಸ್ ಫುಟ್‌ಬಾಲ್ ಕ್ಲಬ್ಬಿನ ಅರವತ್ತು ವರ್ಷದ ಚರಿತ್ರೆ ಅಂತ ನೀನು ಬರೆದ ಪುಸ್ತಕವನ್ನು ತಂಗಿ ತಂದುಕೊಟ್ಟಳು. ಓದಿದೆ. ಹೇಸಿಗೆ ಆಯಿತು. ಮೊದಲ ಪುಟಗಳೇನೋ ಪರವಾಗಿಲ್ಲ. ಸುಣ್ಣದ ಗೂಡಿನ ಹನ್ನೊಂದು ಆಳುಗಳು ಸೇರಿ ಕ್ಲಬ್ಬು ಕಟ್ಟಿದ್ದು, ಅವರ ಹೆಂಡತಿಯರು ಸಕ್ಕರೆ ಚೀಲದಲ್ಲಿ ಅಂಗಿ ಹೊಲಿದದ್ದು, ನಮ್ಮ ಮೈದಾನದ ಗೆರೆಗಳಷ್ಟು ಬೆಳ್ಳಗಿನ ಗೆರೆ ಇಡೀ ಜಿಲ್ಲೆಯಲ್ಲಿ ಇಲ್ಲದ್ದು, ಎಲ್ಲ ನಿಜ. ನಿನ್ನ ಗೋಲುಗಳು ಮಾತ್ರ ಪುಟಕ್ಕೊಂದು ಹೆಚ್ಚಿವೆ, ಇರಲಿ.

ಮೂವತ್ತೆರಡನೇ ಪುಟ ಓದಿದ ಮೇಲೆ ಅನ್ನ ಸೇರಲಿಲ್ಲ. 1949ರ ಫೈನಲ್. ಮೈದಾನ ನೋಡಿಕೊಳ್ಳುತ್ತಿದ್ದ ಬಾಸಿಲಿಸಿಯೊ ಕುಡಿದ ಅಮಲಿನಲ್ಲಿ, ನೀರು ಕಾಣದ ಸುಟ್ಟ ಸುಣ್ಣದಲ್ಲೇ ಗೆರೆ ಎಳೆದನಂತೆ. ಎದುರಾಳಿ ಗೋಲ್‌ಕೀಪರ್ ಫ್ಲೆಯ್ತಾಸ್ ಚೆಂಡಿಗೆ ಹಾರಿ, ಗೆರೆಯ ಮೇಲೆ ಬೋರಲಾಗಿ ಬಿದ್ದು, ಆ ಸುಣ್ಣ ಸುಟ್ಟು ಒಂದು ಕಣ್ಣು ಕಳೆದುಕೊಂಡನಂತೆ. ಮುಂದಿನ ಸಾಲಿನಲ್ಲೇ ನಿನ್ನ ಅಮೋಘ ಗೋಲು. ಥೂ. ಫ್ಲೆಯ್ತಾಸ್ ಮುಖ ಹಿಡಿದುಕೊಂಡು ನೆಲದಲ್ಲಿ ಹೊರಳುತ್ತಿದ್ದಾಗ ಖಾಲಿ ಗೋಲಿಗೆ ಒದ್ದವನು ನೀನು.

ಬಾಸಿಲಿಸಿಯೊ, ನಮ್ಮಪ್ಪ, ಕುಡಿಯುತ್ತಿರಲಿಲ್ಲ. ಆವತ್ತು ಬೆನ್ನುನೋವಿಗೆ ಹಾಸಿಗೆ ಹಿಡಿದಿದ್ದರು. ಅವರ ಬದಲು ಗೆರೆ ಎಳೆದವನೂ ನೀನೇ. ಮಾಂಸದಂಗಡಿಯವರ ಮಗ, ಸುಟ್ಟ ಸುಣ್ಣ ಯಾವುದು, ನೀರು ಕುಡಿದು ಅರಳಿದ್ದು ಯಾವುದು ಅಂತ ಗೊತ್ತಿಲ್ಲದವನು. ಅದು ನಿನ್ನ ತಪ್ಪಲ್ಲ. ಬಾಯಿ ಮುಚ್ಚಿಕೊಂಡದ್ದು ನಿನ್ನ ತಪ್ಪು. ಕ್ಲಬ್ಬಿನವರು ಮನೆಗೆ ಬಂದು ಕೇಳಿದಾಗ ಅಪ್ಪ ಎದ್ದು ಕೂತು, ನಂದೇ ತಪ್ಪು ಕಣ್ರಯ್ಯ, ಬೇರೆ ಯಾರನ್ನೂ ಕೇಳಬೇಡಿ ಅಂದರು. ನೀನು ಬಾಗಿಲಲ್ಲಿ ನಿಂತು ಬೂಟಿನ ಮಣ್ಣು ಕೆರೆಯುತ್ತಿದ್ದೆ.

ಸಾಯೋವರೆಗೂ ಕ್ಲಬ್ಬಿನವರು ಅಪ್ಪನನ್ನು ಮೈದಾನದೊಳಕ್ಕೆ ಬಿಡಲಿಲ್ಲ. ಗೋಡೆಯಾಚೆ ಕಲ್ಲಿನ ಮೇಲೆ ಕೂತು, ಗದ್ದಲ ಕೇಳಿಯೇ ಯಾರು ಗೆಲ್ಲುತ್ತಿದ್ದಾರೆ ಅಂತ ಹೇಳುತ್ತಿದ್ದರು. ಅಳಿಯನ ಕಣ್ಣಿಗೆ ಬೆಣ್ಣೆ, ಮಾವನ ಕಣ್ಣಿಗೆ ಸುಣ್ಣ. ನಮ್ಮೂರಲ್ಲಿ ಗೂಡಿನ ಆಳು ಸತ್ತರೆ ಪೆಟ್ಟಿಗೆಗೆ ಕ್ಲಬ್ಬಿನ ಬಾವುಟ ಹೊದಿಸುತ್ತಾರೆ. ಅಪ್ಪನಿಗೆ ಬೇಡ, ಜನ ಏನಂದಾರು ಅಂತ ನೀನು ಹೇಳಿದ ದಿನವೇ ನಾನು ನಿನ್ನ ಮನೆ ಬಿಟ್ಟದ್ದು. ಇಪ್ಪತ್ತಮೂರು ವರ್ಷ ಭಾನುವಾರ ಭಾನುವಾರ ಅವರ ಎದುರು ಕೂತು ಉಂಡವನಿಗೆ ಕುಡುಕ ಅಂತ ಬರೆಯೋಕೆ ಮನಸ್ಸಾದರೂ ಹೇಗೆ ಬಂತು?

ಬರುವ ಭಾನುವಾರ ಪುಸ್ತಕ ಹಂಚುತ್ತೀರಂತೆ. ಅದಕ್ಕೆ ಮೊದಲು ಆ ಪುಟ ಕಿತ್ತು, ನಡೆದದ್ದನ್ನು ನಡೆದ ಹಾಗೆ ಅಚ್ಚು ಹಾಕಿಸು. ಇಲ್ಲವಾದರೆ ನಾನೇ ಬಂದು ಮೈಕು ಹಿಡಿಯುತ್ತೇನೆ.

ದೆಲ್ಮಿರಾ

ತಾ.ಕ.: ಹೊಸ ಪುಟದಲ್ಲಿ ನಿನ್ನ ಹೆಸರೊಂದೇ ಸಾಲದು. ಫೈನಲ್‌ನ ಹಿಂದಿನ ದಿನ ಅಪ್ಪ ನನ್ನನ್ನು ಕರೆದು, ಚೀಲದಲ್ಲಿರೋದು ಸುಟ್ಟ ಸುಣ್ಣ ಕಣಮ್ಮ, ಈಗಲೇ ನೀರು ಹಾಕಿ ಅರಳಿಸಬೇಕು ಅಂತ ಎವಾರಿಸ್ತೊಗೆ ಹೇಳಿಬಾ ಅಂದಿದ್ದರು. ಕುಣಿತಕ್ಕೆ ಹೋಗುವ ಲಂಗಕ್ಕೆ ಇಸ್ತ್ರಿ ಹಾಕುತ್ತಾ ಮರೆತುಬಿಟ್ಟೆ. ಅಪ್ಪ ಉಳಿಸಿದ್ದು ಅಳಿಯನನ್ನು ಅಂತ ನೀನು ಇಷ್ಟು ವರ್ಷ ತಿಳಿದಿದ್ದೆ. ಅಲ್ಲ, ಮಗಳನ್ನು. ನನ್ನ ಹೆಸರನ್ನೂ ಹಾಕಿಸು, ಪಕ್ಕದಲ್ಲಿ ನಿನ್ನ ಮನೆತನದ ಹೆಸರು ಬೇಡ. ಬಾಸಿಲಿಸಿಯೊನ ಮಗಳು ಅಂತಿರಲಿ.