ತೊಳೆದ ಮೇಲೆ ಉಳಿದ ಬಣ್ಣ

ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಬಿಡುವಿರಲಿಲ್ಲ ಎಂದರೆ ನೀನು ನಂಬುವವಳೂ ಅಲ್ಲ. ಭಾವನ ಮಂಡಿನೋವು ಹೇಗಿದೆ? ಪುಟ್ಟಿಗೆ ಮುಂದಿನ ಹಲ್ಲು ಬಂತೇ?

ನಿನ್ನೆ ನಮ್ಮ ತಂಡ ನುಡಿಸಿತು. ಎಲ್ಲಿ ಗೊತ್ತೇ? ಆಸ್ಪತ್ರೆಯ ಬಟ್ಟೆ ಒಗೆಯುವ ಹಾಲ್‌ನಲ್ಲಿ. ನಗಬೇಡ. ನಾಲ್ಕು ವರ್ಷದ ಹಿಂದೆ ಪಿಟೀಲನ್ನು ಪೆಟ್ಟಿಗೆಗೆ ಹಾಕಿ ತಂಡ ಬಿಡುವಾಗ, "ಈ ಹೊಸ ಸಂಗೀತ ಯಾರಿಗೆ ಬೇಕೇ? ನಮ್ಮ ಮುಂದೆ ನಾವೇ ನುಡಿಸ್ಕೋಬೇಕು" ಅಂದಿದ್ದೆಯಲ್ಲ, ಅದಕ್ಕೆ ಉತ್ತರ ಹುಡುಕಿಕೊಂಡೇ ನಾನು ಅಲ್ಲಿಗೆ ಹೋದದ್ದು.

ಆರು ತಿಂಗಳಿಂದ ಶನಿವಾರ ಬಂತೆಂದರೆ ಅಲ್ಲೇ ಇರುತ್ತಿದ್ದೆವು. ಅಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ನಾವು ಸ್ವರ, ಲಯ ಹೇಳಿಕೊಟ್ಟೆವು. ಅವರು ನಮಗೆ ಬೆಡ್‌ಶೀಟ್ ಮಡಚುವುದನ್ನು ಹೇಳಿಕೊಟ್ಟರು. ಚೆಲ್ಲೊ ನುಡಿಸುವ ನಮ್ಮ ಉದ್ದಣ್ಣನಿಗೆ ಇವತ್ತಿಗೂ ನಾಲ್ಕು ಮೂಲೆ ಕೂಡಿಸಲು ಬಾರದು. ಒದ್ದೆ ಬೆಡ್‌ಶೀಟನ್ನು ಇಬ್ಬರು ಹಿಡಿದು ಝಾಡಿಸಿದರೆ ಎಂಥ ಸದ್ದು ಬರುತ್ತದೆ ಅಂತೀಯ! ಅದನ್ನೇ ಇಟ್ಟುಕೊಂಡು ಕೃತಿ ಕಟ್ಟಿದೆ. ಸ್ವರಲಿಪಿ ಬಾರದವರಿಗೂ ತಿಳಿಯಲೆಂದು ನಮ್ಮ ಚಿತ್ರಕಾರ ಮೂರು ಬೆಡ್‌ಶೀಟ್ ಸೇರಿಸಿ ಹೊಲಿಸಿ, ಇಡೀ ಕೃತಿಯನ್ನು ಗೆರೆಗಳಲ್ಲಿ ಬರೆದ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಗೆರೆ ಏರಿದರೆ ಸ್ವರ ಏರಬೇಕು, ದಪ್ಪವಾದರೆ ಜೋರಾಗಬೇಕು.

ಶುಕ್ರವಾರ ಅಲ್ಲಿಲ್ಲಿ ತಿದ್ದಿ, ಬಣ್ಣ ಒಣಗಲೆಂದು ಅಲ್ಲಿಯ ಹಗ್ಗದ ಮೇಲೇ ಬಿಟ್ಟು ಬಂದೆವು. ಮಾರನೆಯ ದಿನ ಹೋದರೆ ಹಗ್ಗ ಖಾಲಿ! ನಮ್ಮನ್ನು ಎಂದೂ ಕಂಡಿರದ ಬೇರೆ ಪಾಳಿಯ ಹೆಂಗಸೊಬ್ಬಳು ಅದನ್ನು ಬ್ಲೀಚು ಹಾಕಿ ಒಗೆದು, ಇಸ್ತ್ರಿ ಮಾಡಿ, ಅಚ್ಚುಕಟ್ಟಾಗಿ ಮಡಚಿ ತಂದುಕೊಟ್ಟಳು. "ಮೂರು ಸಲ ಹಾಕಿದೆ ಮೇಡಂ, ಆದ್ರೂ ಪೂರ್ತಿ ಹೋಗ್ಲಿಲ್ಲ" ಎಂದು ಬೇಜಾರು ಬೇರೆ ಮಾಡಿಕೊಂಡಳು. ಚಿತ್ರಕಾರ ತಲೆಯ ಮೇಲೆ ಕೈಹೊತ್ತು ಕುಳಿತ. ಆಗಲೇ ಜನ ಬರತೊಡಗಿದ್ದರು.

ನನಗೆಲ್ಲಿಂದ ಧೈರ್ಯ ಬಂತೋ, ಉಳಿದಷ್ಟು ನುಡಿಸೋಣ, ತಮ್ಮ ಬಣ್ಣ ಹೋದ ಕಡೆ ಅವರವರು ಸುಮ್ಮನಿರೋಣ ಅಂದೆ. ಹೆಂಗಸರು ತಾವೇನು ಮಾಡಬೇಕೆಂದು ಕೇಳಿದರು. ನಾವು ಸುಮ್ಮನಿದ್ದಾಗ ಒದ್ದೆ ಬೆಡ್‌ಶೀಟನ್ನು ಬಿಗಿಯಾಗಿ ಎಳೆದು ಹಿಡಿದುಕೊಂಡಿರಿ ಎಂದೆ.

ಅಕ್ಕ, ನೀನಿರಬೇಕಿತ್ತು. ನರ್ಸುಗಳು, ಗಾಲಿಕುರ್ಚಿಯ ರೋಗಿಗಳು, ಕೆಲಸದವರ ಮನೆಮಂದಿ, ಕಾಲಿಡಲು ಜಾಗವಿರಲಿಲ್ಲ. ನಡುವೆ ಒಂದು ಕಡೆ ನಮ್ಮಲ್ಲಿ ಯಾರ ಬಣ್ಣವೂ ಉಳಿದಿರಲಿಲ್ಲ. ಎಲ್ಲರೂ ನಿಂತೆವು. ಬೆಡ್‌ಶೀಟಿನಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಒಬ್ಬರೂ ಕೆಮ್ಮಲಿಲ್ಲ, ಎದ್ದು ಹೋಗಲಿಲ್ಲ. ಮುಗಿದ ಮೇಲೆ ಅಲ್ಲಿಯ ಮೇಸ್ತ್ರಿ ನನ್ನ ಕೈ ಹಿಡಿದುಕೊಂಡಳು. "ಮೊದಲ ದಿನ ಇವರೇನು ಪಾತ್ರೆ ಉರುಳಿಸ್ತಾರಾ ಅಂದ್ಕೊಂಡಿದ್ದೆ. ಇವತ್ತು ನೀವು ನಿಲ್ಲಿಸಿದ್ರಲ್ಲ, ಆಗ ಅಳು ಬಂತು. ಮತ್ತೆ ಯಾವಾಗ?" ಎಂದಳು. ಹೆಮ್ಮೆಗೆ ನಾನು ನೆಲದ ಮೇಲೆ ನಿಂತಿರಲಿಲ್ಲ. ಯಾರಿಗೆ ಬೇಕು ಅಂದೆಯಲ್ಲ, ಇವರಿಗೆ ಬೇಕಂತೆ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿ ಚೆನ್ನಾಗಿ ಬೆಳೆಯಲಿ, ನಿನ್ನಷ್ಟೇ ಹಟಮಾರಿಯಾಗಲಿ.

ಇಂತಿ,
ನಿನ್ನ ಹಿಂದೆಯೇ ತಿರುಗುತ್ತಿದ್ದ
ಬಾಲ

ಮರೆತಿದ್ದೆ: ಆ ನಡುವಿನ ಜಾಗದಲ್ಲಿ ಬಟ್ಟೆ ಖಾಲಿಯಿರಲಿಲ್ಲ. ಕೆಂಪು, ನೀಲಿ, ಹಳದಿ ಹೋಗಿದ್ದವು. ಹಸಿರು ಗೆರೆಯೊಂದು ಹೆಬ್ಬೆರಳು ದಪ್ಪಕ್ಕೆ ಹಾಗೇ ಇತ್ತು. ನೀನೇ ನುಡಿಸಿಬಿಡು ಎಂದು ಉದ್ದಣ್ಣ ನನಗೆ ಸನ್ನೆ ಮಾಡಿದ. ನಾನು ಬೇಡವೆಂದು ತಲೆಯಾಡಿಸಿಬಿಟ್ಟೆ. ಹಸಿರು ಎರಡನೇ ಪಿಟೀಲಿನದು, ನಿನ್ನ ಜಾಗದ್ದು. ನೀನು ಹೋದ ಮೇಲೂ ಪ್ರತಿ ಕೃತಿಯಲ್ಲಿ ಬರೆಯುತ್ತಲೇ ಇದ್ದೇನೆ, ಯಾರಿಗೂ ಕೊಟ್ಟಿಲ್ಲ. ಮೌನ ಬಹಳ ಚೆನ್ನಾಗಿತ್ತು ಎಂದು ಎಲ್ಲರೂ ಹೊಗಳುತ್ತಿದ್ದಾರೆ. ನನಗೆ ಆ ಮೌನ ಸಾಕಾಗಿದೆ, ಅಕ್ಕ.